ಹಡಿಲು ಗದ್ದೆಗೆ ಇಳಿಯುವ ಮೊದಲು ತೋಡು ನೋಡಿ

ಪ್ರಶ್ನೆ (ಸ್ವಸಹಾಯ ಸಂಘದ ಸದಸ್ಯೆ): ಸರ್, ನಮ್ಮದು ಉಡುಪಿ ಹತ್ತಿರ ಸ್ವರ್ಣಾ ನದಿ ಬದಿಯ ಊರು. ಬೇಸಾಯ ಇಲ್ಲದೆ ಹಡಿಲು ಬಿದ್ದ ತಗ್ಗಿನ ಬೈಲು ಗದ್ದೆಯಲ್ಲಿ ಸಂಘದ ಹೆಂಗಸರೆಲ್ಲ ಸೇರಿ ಏಣೆಲು (ಮಳೆಗಾಲದ ಭತ್ತ) ಬೆಳೆ ಮಾಡುವ ಅಂತಿದ್ದೇವೆ. ಆಟಿಯಲ್ಲಿ (ಜುಲೈ-ಆಗಸ್ಟ್) ನೆರೆ ಬಂದರೆ ನಾಲ್ಕೈದು ದಿನ ನೀರು ಇಳಿಯುವುದಿಲ್ಲ. ಬೇಸಿಗೆಯಲ್ಲಿ ಉಪ್ಪುನೀರು ಹತ್ತುತ್ತದೆ. ಯಾವ ತಳಿ ಒಳ್ಳೆಯದು?

ಉತ್ತರ (ಕೃಷಿ ಸಲಹೆಗಾರ): ಅಕ್ಕ, ನೆರೆ ಬರುವ ಬೈಲಿಗೆ ಬ್ರಹ್ಮಾವರದ ಸಂಶೋಧನಾ ಕೇಂದ್ರದ ಸಹ್ಯಾದ್ರಿ ಪಂಚಮುಖಿ ಆಗಬಹುದು. ಕೆಂಪಕ್ಕಿ ತಳಿ, ನೆರೆ ತಡೆದುಕೊಳ್ಳುವುದಕ್ಕೆಂದೇ ಮಾಡಿದ್ದು. ಆದರೆ ಬೀಜ ತರುವ ಮೊದಲು ಗದ್ದೆ ಬದಿಯ ತೋಡು (ಸಣ್ಣ ಹಳ್ಳ) ನೋಡಿ ಬನ್ನಿ.

ಗದ್ದೆ ಹಡಿಲು ಬಿದ್ದರೆ ಹೋಗುವುದು ಭತ್ತ ಮಾತ್ರ ಅಲ್ಲ. ಹುಣಿ (ಗದ್ದೆಯ ಬದು) ಒಡೆಯುತ್ತದೆ, ತೋಡಿನಲ್ಲಿ ಹೂಳು ತುಂಬುತ್ತದೆ. ಒಂದು ಎಕರೆ ಗದ್ದೆಯಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಸುಮಾರು 4 ಲಕ್ಷ ಲೀಟರ್ ಆಯಿತು. ಹುಣಿ ಇಲ್ಲದಿದ್ದರೆ ಅಷ್ಟೂ ನೀರು ಒಟ್ಟಿಗೇ ಕೆಳಗಿನ ಮನೆಗಳ ಕಡೆ ಓಡುತ್ತದೆ. ನಮ್ಮಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಒಬ್ಬರ ಗದ್ದೆ ಒಂದನ್ನೇ ಉಳಿಸಿಕೊಳ್ಳಲು ಆಗುವುದಿಲ್ಲ ಅಕ್ಕ.

ಉಪ್ಪಿನದ್ದೂ ಹಾಗೆಯೇ. ತೋಡಿಗೆ ಕಿಂಡಿ ಅಣೆಕಟ್ಟು (ಕಿಂಡಿಗೆ ಹಲಗೆ ಹಾಕಿ ನೀರು ತಡೆಯುವ ಸಣ್ಣ ಕಟ್ಟ) ಇದ್ದರೆ ಅದರ ಹಲಗೆ ಯಾರ ಕೈಯಲ್ಲಿದೆ ಅಂತ ಕೇಳಿ. ಮಳೆ ಮುಗಿದ ಮೇಲೆ ಹಲಗೆ ಹಾಕಲು ತಡ ಮಾಡಿದರೆ ಹುಣ್ಣಿಮೆ, ಅಮಾವಾಸ್ಯೆಯ ಸಮುದ್ರದ ಭರತಕ್ಕೆ ಉಪ್ಪುನೀರು ಒಳಗೆ ಬರುತ್ತದೆ. ಮೇ ತಿಂಗಳಲ್ಲಿ ತೆಗೆಯದೆ ಬಿಟ್ಟರೆ ಮೊದಲ ಮಳೆಗೇ ಗದ್ದೆ ಮುಳುಗುತ್ತದೆ. ಹಲಗೆ ಗೆದ್ದಲು ಹಿಡಿದಿರುತ್ತದೆ, ಒಂದೆರಡು ಕಾಣೆಯಾಗಿರುತ್ತದೆ, ಸಂದಿಗೆ ತುಂಬುವ ಮಣ್ಣಿಗೆ ಜನ ಇರುವುದಿಲ್ಲ. ಕಟ್ಟಿದ ಅಣೆಕಟ್ಟು ಸುಮ್ನೆ ನಿಂತಿರುವುದು ಹೀಗೆ. ಗದ್ದೆ ಒಣಗಿದಾಗ ಮಣ್ಣಿನ ಮೇಲೆ ಬಿಳಿ ಪುಡಿ ಕಂಡರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿ. ಉಪ್ಪು ಇಲ್ಲದ ಕಡೆ ಏಣೆಲು ಕೊಯ್ದ ಮೇಲೆ ಉದ್ದು ಬಿತ್ತಬಹುದು, ನೆಲದ ಪಸೆಯೇ ಸಾಕಾಗುತ್ತದೆ.

ಪ್ರಶ್ನೆ: ಗದ್ದೆಯವರು ಮುಂಬೈಯಲ್ಲಿದ್ದಾರೆ. ಬೇಸಾಯಕ್ಕೆ ಕೊಟ್ಟರೆ ಜಾಗವೇ ಹೋಗುತ್ತದೆ ಅಂತ ಹೆದರುತ್ತಾರೆ.

ಉತ್ತರ: ಆ ಹೆದರಿಕೆ ಉಳುವ ಗೇಣಿದಾರರಿಗೇ ಜಾಗ ಕೊಟ್ಟ 1974ರ ಭೂಸುಧಾರಣೆ ತಿದ್ದುಪಡಿಯ ಕಾಲದ್ದು. ಆಗಿನ ಗೇಣಿದಾರರು ಅರ್ಜಿ ಕೊಡುವ ಅವಧಿ ಮುಗಿದು ಎಷ್ಟೋ ವರ್ಷ ಆಯಿತು. ಹಾಗಂತ ಗೇಣಿ ಚೀಟಿ ಬರೆಯಲು ಹೋಗಬೇಡಿ, ಅದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ. ಒಂದು ಬೆಳೆಯ ಮಟ್ಟಿಗೆ ಏನು ಬರೆದುಕೊಳ್ಳಬಹುದು ಅಂತ ವಕೀಲರನ್ನು ಕೇಳಿ. ನೆರೆ ಪರಿಹಾರ ಬಂದರೆ ಪಹಣಿಯಲ್ಲಿ ಹೆಸರು ಇರುವವರಿಗೇ ಹೋಗುತ್ತದೆ. ದುಡಿದ ನಿಮಗೆ ಅದರಲ್ಲಿ ಪಾಲು ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ. ನಾಚಿಕೆ ಬೇಡ, ಇದು ನಿಮ್ಮ ಹಕ್ಕಿನ ಮಾತು.

ಇನ್ನೊಬ್ಬ ಸದಸ್ಯ: ಎಲ್ಲರನ್ನೂ ಕೇಳುತ್ತಾ ಕೂತರೆ ಕೆಲಸ ಸಾಗುವುದಿಲ್ಲ ಮಾರಾಯ್ರೆ. ಜಾಗ ಇದ್ದವರು ಸೇರಿ ತೀರ್ಮಾನ ಮಾಡಿದರೆ ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ ಅಣ್ಣ. ತೋಡಿಗೆ ಅಡ್ಡ ಕಟ್ಟಿದರೆ ಕೆಳಗೆ ಮರುವಾಯಿ (ಚಿಪ್ಪುಮೀನು) ಹೆಕ್ಕುವವರ ಹೊಟ್ಟೆಗೂ ತಟ್ಟುತ್ತದೆ. ಮೇಲಿನ ಹಾಡಿ (ಸಣ್ಣ ಕಾಡು) ಕಡಿದರೆ ಮಣ್ಣು ಜಾರಿ ನಿಮ್ಮ ತೋಡಿಗೇ ಬೀಳುತ್ತದೆ. ಬುಟ್ಟಿಗೆ ಬಳ್ಳಿ ತರುವ ಕೊರಗ ಕುಟುಂಬಗಳಿಗೆ ಆ ಹಾಡಿಯ ಒಳಹೊರಗು ನಮಗಿಂತ ಜಾಸ್ತಿ ಗೊತ್ತು. ನೇಜಿ (ಭತ್ತದ ಸಸಿ) ನೆಡುವ ಹೆಂಗಸರನ್ನು ಕೇಳಿ, ಯಾವ ಗದ್ದೆಯಲ್ಲಿ ಮೊದಲು ನೀರು ಏರುತ್ತದೆ ಅಂತ ಕೈ ತೋರಿಸಿ ಹೇಳುತ್ತಾರೆ. ಇವರಲ್ಲಿ ಎಷ್ಟೋ ಜನರಿಗೆ ಪಹಣಿ ಇಲ್ಲ. ನೆರೆಯಲ್ಲಿ ಮೊದಲು ಮನೆ ಬಿಡುವವರೂ ಅವರೇ.

ಸಭೆಯನ್ನು ಪಂಚಾಯಿತಿ ಕಚೇರಿಯಲ್ಲಿ ಬೆಳಿಗ್ಗೆ 11ಕ್ಕೆ ಇಟ್ಟರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಸಂಜೆ ತೋಡಿನ ಬದಿಯಲ್ಲೇ ಸೇರಿ. 2020ರ ಸೆಪ್ಟೆಂಬರ್ ನೆರೆಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಮನೆ ಮನೆಯ ಗೋಡೆಯಲ್ಲಿ ಗುರುತು ಹಾಕಿಸಿ. ಹೂಳು ಎಲ್ಲಿಂದ ತೆಗೆಯಬೇಕು, ಹಲಗೆ ಯಾರ ಮನೆಯಲ್ಲಿ ಇಡಬೇಕು ಅಂತ ಅಲ್ಲೇ ಬರೆದುಕೊಂಡು ಗ್ರಾಮಸಭೆಗೆ ಕೊಡಿ.

ಪ್ರಶ್ನೆ: ಆಯ್ತು ಸರ್. ಈ ಭಾನುವಾರ ಸಂಜೆ ತೋಡಿನ ಹತ್ತಿರ ಸೇರುತ್ತೇವೆ. ಹಲಗೆ ಎಷ್ಟು ಉಳಿದಿದೆ ಅಂತ ಲೆಕ್ಕ ಮಾಡಿ ಇಲ್ಲೇ ಹಾಕುತ್ತೇನೆ.