ಕನೇಲೊ ಕಾಲ ಮುಗೀತೇನು?

ಸಾಧನಕೇರಿ:
2025ರ ಸೆಪ್ಟೆಂಬರ್ 13ಕ್ಕ ಲಾಸ್ ವೇಗಸ್‌ನಾಗ ಅಮೆರಿಕದ ಬಾಕ್ಸರ್ ಟೆರೆನ್ಸ್ ಕ್ರಾಫರ್ಡ್ ಮುಂದ ಸೋತ ಮೆಕ್ಸಿಕೋದ ಬಾಕ್ಸರ್ ಕನೇಲೊ ಆಲ್ವರೆಜ್ ಮುಗದಾನ ಅಂತ ನನ್ನ ಅಭಿಪ್ರಾಯ. ಬರೇ ಸೋತದ್ದಕ್ಕ ಹೇಳಲಿಕತ್ತಿಲ್ಲ. 2018ರ ಗೊಲೊವ್ಕಿನ್ ಮರುಪಂದ್ಯದಾಗ 12 ರೌಂಡಿಗೆ 622 ಪಂಚ್ ಎಸೆದಿದ್ದ. 2022ರಾಗ ಬಿವೊಲ್ ಮ್ಯಾಲೆ 495. ಕ್ರಾಫರ್ಡ್ ಮ್ಯಾಲೆ 338. ರೌಂಡಿಗೆ 52 ಇದ್ದದ್ದು 41 ಆತು, ಈಗ 28. ಇಳಿಜಾರು ಅಂದ್ರ ಇದs ಅಲ್ಲೇನು? ಕಡೀ ನಾಕೌಟ್ 2021ರ ನವೆಂಬರ್‌ದಾಗ, ಪ್ಲಾಂಟ್ ಮ್ಯಾಲೆ, 11ನೇ ರೌಂಡ್. ಆಮ್ಯಾಲೆ ಗೆದ್ದ ಆರೂ ಪಂದ್ಯ ಪಾಯಿಂಟಿನ ಮ್ಯಾಲೆ.

ಹಳೇಹುಬ್ಬಳ್ಳಿ ಹುಕ್:
"ಇಳಿಜಾರು" ಅಂತ! ಗೊಲೊವ್ಕಿನ್ ಎದುರಿಗೆ ಬಂದು ನಿಂತು ಹೊಡ್ಯಾಂವ. ಕ್ರಾಫರ್ಡ್ ಬಲಗಾಲು ಮುಂದಿಟ್ಟು ಜಾರಿಕೋತ ಹೋಗಾಂವ. ಇಬ್ಬರನ್ನೂ ಒಂದs ತಕ್ಕಡ್ಯಾಗ ತೂಗಿದ್ರ ಹೆಂಗ್ರೀ? ಮತ್ತ ಅವತ್ತು ಕ್ರಾಫರ್ಡ್‌ಗ 38 ತುಂಬಾಕ 15 ದಿನ ಬಾಕಿ ಇತ್ತು. ಕನೇಲೊಗ 35. ಮುದುಕ ಯಾರು?

ಬೆಟಗೇರಿ ಸ್ಟಾಪ್‌ವಾಚ್:
ಜಾರಿಕೊಂಡು ಹೋದವನ ಮೇಲೆ ರೌಂಡಿಗೆ 28 ಆದರೂ ಎಸೆದ. 2025ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಸ್ಕಲ್ ಮೇಲೆ 12 ರೌಂಡಿಗೆ 152. ರೌಂಡಿಗೆ 13 ಕೂಡ ಇಲ್ಲ. ಇಬ್ಬರದೂ ಸೇರಿಸಿದರೆ 445. ಪಂಚ್ ಲೆಕ್ಕ ಇಡುವ ಕಂಪ್ಯೂಬಾಕ್ಸ್ ಸಂಸ್ಥೆ ಎಣಿಸಿದ 12 ರೌಂಡಿನ ಪಂದ್ಯಗಳಲ್ಲೇ ಅತಿ ಕಡಿಮೆ.

ಹಳೇಹುಬ್ಬಳ್ಳಿ ಹುಕ್:
152 ಅನ್ನೋದು ಬಿವೊಲ್ ಕನೇಲೊಗ ತಾಗಿಸಿದ ಪಂಚ್ ರೀ. 710 ಎಸೆದು 152. ಗೊತ್ತಿಲ್ಲಂದ್ರ ಅಂಕಿ ಬರೀಬ್ಯಾಡ್ರಿ.

ಬೆಟಗೇರಿ ಸ್ಟಾಪ್‌ವಾಚ್:
ಅದೂ 152, ಇದೂ 152. ಅದು ಬಿವೊಲ್ ತಾಗಿಸಿದ್ದು, 2022. ಇದು ಕನೇಲೊ ಎಸೆದದ್ದು, 2025. ಪಂದ್ಯವೇ ಬೇರೆ.

ಹಳೇಹುಬ್ಬಳ್ಳಿ ಹುಕ್:
ಭಾಳ ಅನುಕೂಲ ಆತು ನಿಮಗ. ಹೋಗ್ಲಿ, ಎಣಿಸೋರು ಯಾರು? ಅದೇನು ಮಷೀನಲ್ಲ. ಇಬ್ಬರು ಕೂತು, ಒಬ್ಬೊಬ್ಬರು ಒಬ್ಬೊಬ್ಬ ಬಾಕ್ಸರ್‌ನ ನೋಡ್ಕೋತ ಕೈಲೆ ಕೀ ಒತ್ತತಾರ. ಕಣ್ಣು ಪಿಳುಕಿಸಿದ್ರ ಒಂದು ಪಂಚ್ ಹೋತು.

ಬೆಟಗೇರಿ ಸ್ಟಾಪ್‌ವಾಚ್:
ಹೌದು, ಕೈಯಿಂದಲೇ. ಒಬ್ಬರ ಮುಂದೆ ನಾಲ್ಕೇ ಕೀ: ಜ್ಯಾಬ್ (ಮುಂದಿನ ಕೈಯ ಚುರುಕಾದ ನೇರ ಹೊಡೆತ) ತಾಗಿದ್ದು, ಜ್ಯಾಬ್ ತಪ್ಪಿದ್ದು, ಪವರ್ ಪಂಚ್ ತಾಗಿದ್ದು, ತಪ್ಪಿದ್ದು. ಜ್ಯಾಬ್ ಬಿಟ್ಟು ಉಳಿದದ್ದೆಲ್ಲ ಪವರ್ ಲೆಕ್ಕ, ಮೆತ್ತಗೆ ಬಿದ್ದರೂ. ಐದೋ ಹತ್ತೋ ತಪ್ಪಲಿ, 622 ಹೋಗಿ 338 ಆಗುವಷ್ಟು ಯಾರೂ ಕಣ್ಣು ಪಿಳುಕಿಸುವುದಿಲ್ಲ.

ಹಳೇಹುಬ್ಬಳ್ಳಿ ಹುಕ್:
"ತಪ್ಪಿದ್ದು" ಅಂದ್ರಲ್ಲ, ಅಲ್ಲೇ ಐತಿ ಮೋಸ. ತೋಳಿಗೆ, ಗ್ಲೌಸಿಗೆ ಬಿದ್ದದ್ದೆಲ್ಲ ತಪ್ಪಿದ ಲೆಕ್ಕಕ್ಕ ಹೋಗ್ತೈತಿ. ಕನೇಲೊ ಬೇಕಂತನ ತೋಳಿಗೆ ಹೊಡೀತಾನ. 2020ರ ಡಿಸೆಂಬರ್‌ದಾಗ ಕ್ಯಾಲಮ್ ಸ್ಮಿತ್‌ನ ಎಡರಟ್ಟಿ ಏನಾಗಿತ್ತು ನೋಡೀರಿ? ಆ ರಟ್ಟಿಲೆ ಜ್ಯಾಬ್ ಹೊಡ್ಯಾಕ ಬರತೈತೇನು? ನಿಮ್ಮ ಕಂಪ್ಯೂಬಾಕ್ಸ್‌ನ್ಯಾಗ ಅದು ಸೊನ್ನಿ.

ಸಾಧನಕೇರಿ:
ಬಿವೊಲ್‌ನ ತೋಳೂ ಕೆಂಪಗಾಗಿ ಬಾತಿತ್ತು. ಮೂರೂ ಜಡ್ಜ್ 115-113 ಬಿವೊಲ್‌ಗೇ ಕೊಟ್ರು.

ಬೆಟಗೇರಿ ಸ್ಟಾಪ್‌ವಾಚ್:
ನಾನು ಬರೆದದ್ದು ಎಸೆದ ಲೆಕ್ಕ, ತಾಗಿದ ಲೆಕ್ಕವಲ್ಲ. ತೋಳಿಗೆ ಬಿದ್ದರೂ ಎಸೆದದ್ದು ಎಸೆದದ್ದೇ. ಓದಿ ಉತ್ತರ ಕೊಡಿ.

ಹಾನಗಲ್ ಜಟ್ಟಿ:
ಎಣಿಕಿ ಬಿಡ್ರಿ. ಪಂದ್ಯದ ಧ್ವನಿ ಬಂದ್ ಮಾಡಿ ಬರೇ ಕಾಲು ನೋಡ್ರಿ. ಕನೇಲೊ ಎರಡೂ ಪಾದ ಊರಿ ಹೊಡೆಯೋ ಆಸಾಮಿ, ಹಿಮ್ಮಡಿ ನೆಲಕ್ಕ ಕುಂತರನ ಸೊಂಟ ತಿರುಗಿ ಹುಕ್, ಅಂದ್ರ ಮೊಣಕೈ ಬಾಗಿಸಿ ಬಾಜೂದಿಂದ ಹೊಡೆಯೋ ಹೊಡೆತ, ಬರತೈತಿ. ಎದುರಿನಾಂವ ಅರ್ಧ ಹೆಜ್ಜಿ ಬಾಜೂಕ ಸರದ್ರ ಮತ್ತ ಪಾದ ಊರಬೇಕು. ಮೊದಲ ಹಂಗ ಊರೂವಾಗನ ಒಂದು ಜ್ಯಾಬ್ ಬಿಟ್ಟು ಅವನ್ನ ಹಿಡದು ನಿಲ್ಲಸ್ತಿದ್ದ. ಈಗ ಸುಮ್ನ ಊರತಾನ, ಅಷ್ಟರಾಗ ಅಂವ ಅಲ್ಲಿರೂದಿಲ್ಲ. ಒಂದು ರೌಂಡಿನ್ಯಾಗ ಇಂಥಾ ಖಾಲಿ ಹೆಜ್ಜಿ ಎಷ್ಟು ಅಂತ ಹಾಳ್ಯಾಗ ಗೀಟು ಹಾಕ್ರಿ. 2ನೇ ರೌಂಡಿಗೂ 11ನೇ ರೌಂಡಿಗೂ ಹಾಕ್ರಿ. 11ರಾಗ ಅಷ್ಟ ಜಾಸ್ತಿ ಇದ್ರ ದಮ್ಮಿನ ಸಮಸ್ಯೆ. 2ರಾಗನ ಜಾಸ್ತಿ ಇದ್ರ ಕಾಲು ಹೋಗ್ಯಾವ. ಹೊಡೆತದ ಬಲ ಕಡೀಗೆ ಹೋಗೂದು. ಜಾರ್ಜ್ ಫೋರ್‌ಮನ್ 45ನೇ ವಯಸ್ಸಿನ್ಯಾಗ, 1994ರಾಗ, ಮೂರರ್‌ನ 10ನೇ ರೌಂಡಿಗೆ ಮಲಗಿಸಿದ. ಅದಕ್ಕ ಮದ್ಲಿನ ಒಂಬತ್ತು ರೌಂಡು ತಿನ್ನೂದs ಆಗಿತ್ತು.

ಹಳೇಹುಬ್ಬಳ್ಳಿ ಹುಕ್:
ಜಟ್ಟಿ ಕಾಕಾ, ಗರಡಿಮನಿ ಲೆಕ್ಕ ರಿಂಗಿಗೆ ಹಚ್ಚಬ್ಯಾಡ್ರಿ. ಆದ್ರ ಬಲದ ಮಾತು ಬಂತಲ್ಲ, ನನಗ ಬೇಕಾದ್ದನ ಹೇಳೀರಿ. ರೈಡರ್ 5ನೇ ರೌಂಡ್, ಚಾರ್ಲೊ 7, ಮುಂಗಿಯಾ 4, ಬರ್ಲಾಂಗಾ 3. ನಾಲ್ಕೂ ಮಂದಿ ಕನೇಲೊ ಕೈಯಾಗ ನೆಲ ನೋಡ್ಯಾರ. ಮುಗದಾಂವ ಹಿಂಗ ಕೆಡವ್ತಾನೇನು?

ಹಾನಗಲ್ ಜಟ್ಟಿ:
ಗರಡ್ಯಾಗರ ಕಾಲು ನೋಡಾಕ ಕಲಸ್ತಾರಪಾ ತಮ್ಮಾ. ನೀ ಬರೇ ಗ್ಲೌಸ್ ನೋಡಾಂವ.

ಸಾಧನಕೇರಿ:
ನೆಲ ನೋಡಿದ ನಾಲ್ಕೂ ಮಂದಿ ಎದ್ದು 12 ರೌಂಡ್ ಮುಗಿಸ್ಯಾರ. ಎದ್ದಾವನ್ನ ಮುಗಿಸಲಿಕ್ಕೆ ಹೊಟ್ಟಿಗೆ ಎರಡು, ತಲಿಗೆ ಎರಡು, ಒಂದರ ಹಿಂದ ಒಂದು ಬೀಳಬೇಕು. ಈಗ ಒಂದು ಹೊಡದು ನೋಡಿಕೋತ ನಿಂದರತಾನ.

ಹಳೇಹುಬ್ಬಳ್ಳಿ ಹುಕ್:
ನೋಡಿಕೋತ ನಿಂದರಾಕ ಕಾರಣ ಐತಿ. 2022ರ ಅಕ್ಟೋಬರ್‌ದಾಗ ಎಡ ಮಣಿಕಟ್ಟಿನ ಆಪರೇಷನ್. ಕ್ರಾಫರ್ಡ್ ಪಂದ್ಯದ ಮರು ತಿಂಗಳ ಎಡ ಮೊಣಕೈ ಆಪರೇಷನ್. ಅವನ ಎಲ್ಲಾ ಬಲ ಎಡ ಹುಕ್‌ನ್ಯಾಗ. ಕೈ ನೋವಿದ್ದಾಂವ 622 ಎಸೀತಾನೇನು? ಇದು ಗಾಯ ರೀ, ವಯಸ್ಸಲ್ಲ.

ಬೆಟಗೇರಿ ಸ್ಟಾಪ್‌ವಾಚ್:
2005ರಲ್ಲಿ, 15ನೇ ವಯಸ್ಸಿಗೆ, ಪ್ರೊಫೆಷನಲ್ ಆದವನು. 20 ವರ್ಷ ಹೊಡೆದ ಕೈ ರಿಪೇರಿಗೆ ಬಂದರೆ ಅದನ್ನೇ ವಯಸ್ಸು ಎನ್ನುತ್ತಾರೆ. ಬಾಕ್ಸರ್ ವಯಸ್ಸನ್ನು ರೌಂಡಿನಲ್ಲಿ ಎಣಿಸಬೇಕು, ಆಧಾರ್ ಕಾರ್ಡಿನಲ್ಲಲ್ಲ. ಕ್ರಾಫರ್ಡ್ 38 ಎಂಬ ನಿಮ್ಮ ಲೆಕ್ಕವೂ ಅಲ್ಲೇ ಬಿತ್ತು.

ಹಳೇಹುಬ್ಬಳ್ಳಿ ಹುಕ್:
"ಎಣಿಸಬೇಕು" ಅಂತ ಮತ್ತ ಬಂದ್ರು ನೋಡ್ರಿ. ಕ್ರಾಫರ್ಡ್ ಪಂದ್ಯ ಇಬ್ಬರು ಜಡ್ಜ್ ಹತ್ರ 115-113. ಅಂದ್ರ ಏಳು ರೌಂಡ್ ಅಂವಂದು, ಐದು ಇವಂದು. ಒಂದು ರೌಂಡ್ ಈ ಕಡೆ ಬಂದಿದ್ರ ಆ ಎರಡೂ ಚೀಟಿ 114-114.

ಸಾಧನಕೇರಿ:
ಮೂರನೆಯವರದು 116-112. ಅದನ್ನ್ಯಾಕ ಬಿಟ್ರಿ? ಎರಡು ತೂಕದ ವರ್ಗ ಮ್ಯಾಲೆ ಬಂದಾವ ಇವನ್ನ ಇವನ 168 ಪೌಂಡಿನಾಗs ಸೋಲಿಸ್ಯಾನ. ಮೊಣಕೈ ಮಾತಷ್ಟು ಒಪ್ಪತೀನಿ, ಅದು ಮಾಯ್ದ ಮ್ಯಾಲೆ ಮೊದಲ ಮೂರು ರೌಂಡಿನ್ಯಾಗ ಎಷ್ಟು ಜ್ಯಾಬ್ ಬರ್ತಾವ ನೋಡೂಣು.

ಹಳೇಹುಬ್ಬಳ್ಳಿ ಹುಕ್:
ಒಪ್ಪಿದ್ರಲ್ಲ, ಸಾಕು.

ಸಾಧನಕೇರಿ:
ಮೊಣಕೈ ಅಷ್ಟs ಅಂದೀನಿ.

ಹಳೇಹುಬ್ಬಳ್ಳಿ ಹುಕ್:
ಸ್ಟಾಪ್‌ವಾಚ್ ಸಾಹೇಬ್ರ, ಆ 152 ಬಿವೊಲ್‌ದು ಅಂತ ಇನ್ನರ ತಿದ್ದರಿ.

ಬೆಟಗೇರಿ ಸ್ಟಾಪ್‌ವಾಚ್:
ಎರಡೂ 152. ಮೇಲೆ ಬರೆದಿದ್ದೇನೆ.