ಖಾಲಿ ಕಾರ್ತೂಸಿಗೆ ಮನೆಯಲ್ಲೇ ಮದ್ದು ತುಂಬಬಹುದಾ?

ಪ್ರಶ್ನೆ (ಧಾರವಾಡ): ಅಪ್ಪನ .32 ರಿವಾಲ್ವರ್ ಈಗ ನನ್ನ ಲೈಸೆನ್ಸ್‌ಗೆ ಬಂದಿದೆ. ಗುಂಡಿನ ರೇಟು ಜಾಸ್ತಿ, ಸಿಗೋದೂ ಕಷ್ಟ. ಹಾರಿಸಿದ ಹಿತ್ತಾಳೆ ಕೇಸುಗಳನ್ನು ಎತ್ತಿಟ್ಟಿದ್ದೇನೆ. ಅಮೆರಿಕದಲ್ಲಿ ಜನ ಮನೆಯಲ್ಲೇ ಪ್ರೆಸ್ (ಕೇಸಿಗೆ ಗುಂಡು ಒತ್ತಿ ಕೂರಿಸುವ ಯಂತ್ರ) ಇಟ್ಟುಕೊಂಡು ರೀಲೋಡ್ ಮಾಡುತ್ತಾರೆ, ಇಲ್ಲಿ ಮಾಡಿದರೆ ತಪ್ಪಾ?

ಹುಬ್ಬಳ್ಳಿಯಿಂದ: ಬೇಡ ಅಣ್ಣಾ, ದಯವಿಟ್ಟು ಬೇಡ. ನಿಮ್ಮ ಲೈಸೆನ್ಸ್ ಇರೋದು ರಿವಾಲ್ವರ್ ಇಟ್ಟುಕೊಳ್ಳೋಕೆ, ಗುಂಡು ತಯಾರಿಸೋಕೆ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ಅದಿಲ್ಲದೆ ಮಾಡಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿ ಆದ ಮೇಲೆ, ಕನಿಷ್ಠ 7 ವರ್ಷ ಜೈಲು, ಜೀವಾವಧಿವರೆಗೂ ಹೋಗಬಹುದು.

ಗದಗದಿಂದ: ಕಾನೂನು ಒಂದು ಕಡೆ ಇರಲಿ, ಕೈ ಉಳಿಯಬೇಕಲ್ವಾ? .32 ಕೇಸಿಗೆ ಬೇಕಾಗೋದು ಚಿಟಿಕೆ ಮದ್ದು. ಒಳಗೆ ಇನ್ನೂ ಜಾಗ ಉಳಿಯುತ್ತದೆ, ಹಾಗಾಗಿ ಮರೆತು ಎರಡು ಸಲ ಹಾಕಿ ಮೇಲೆ ಗುಂಡು ಕೂರಿಸಿಬಿಟ್ಟರೆ ಹೊರಗಿನಿಂದ ಏನೂ ಗೊತ್ತಾಗೋದಿಲ್ಲ, ಹಾರಿಸಿದಾಗ ಸಿಲಿಂಡರ್ರೇ ಸಿಡಿಯಬಹುದು. ಕಡಿಮೆ ಬಿದ್ದರೂ ಕಷ್ಟವೇ. 'ಟಪ್' ಅಂತ ಸಣ್ಣ ಸದ್ದು ಬರುತ್ತದೆ, ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಗಮನಿಸದೆ ಇನ್ನೊಂದು ಹಾರಿಸಿದರೆ ಮುಗೀತು.

ಪ್ರಶ್ನೆ ಕೇಳಿದವರು: ಸರಿ ಬಿಡಿ, ಕೈ ಹಾಕೋದಿಲ್ಲ. ಆದರೆ ಗುರಿ ಅಭ್ಯಾಸಕ್ಕೆ ಏನು ಮಾಡಲಿ?

ಹಾವೇರಿಯಿಂದ: 4.5 ಮಿ.ಮೀ. ಏರ್ ಪಿಸ್ತೂಲ್ ನೋಡಿ ಸರ್. ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆಗೂ ಅದೇ ಅಳತೆ. ಛರ್ರೆಗಳು ಅಗ್ಗ. ಉಸಿರು ಹಿಡಿದು, ಕೈ ಅಲುಗದಂತೆ ಟ್ರಿಗರ್ ಎಳೆಯೋದು ಅದರಲ್ಲೇ ಚೆನ್ನಾಗಿ ಬರುತ್ತದೆ. ಆ ಖಾಲಿ ಕೇಸುಗಳನ್ನು ಮಾತ್ರ ಸುಮ್ನೆ ಎಸೆಯಬೇಡಿ, ಹೊಸ ಗುಂಡು ಕೊಳ್ಳುವಾಗ ಲೆಕ್ಕ ಕೇಳಬಹುದು.