ಹದಿಮೂರು ಕುದುರೆ ಎಲ್ಲಿ ಹೋದವು?

ಮಡಿಕೇರಿ ಪಕ್ಕದ ಗಾಳಿಬೀಡಿನ ನಮ್ಮ ಬೋಪಣ್ಣ ಕಾರಿಗೆ ಟರ್ಬೊ ಹಾಕಿಸುವ ಮೊದಲೇ ಟರ್ಬೊ ಮೀಟರ್ ಹಾಕಿಸಿಕೊಂಡಿದ್ದಾನೆ. ಟರ್ಬೊ ಅಂದರೆ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಮಾನು. ಡ್ಯಾಶ್‌ಬೋರ್ಡಿನ ಮೇಲೆ ಇಗ್ಗುತಪ್ಪನ ಫೋಟೊ ಸ್ವಲ್ಪ ಎಡಕ್ಕೆ ಸರಿದಿದೆ. ಆ ಜಾಗದಲ್ಲಿ ಟರ್ಬೊ ತುಂಬುವ ಗಾಳಿಯ ಒತ್ತಡ, ಅಂದರೆ ಬೂಸ್ಟ್, ತೋರಿಸುವ ದುಂಡಗಿನ ಗೇಜ್ ಕೂತಿದೆ. ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡುವುದಿಲ್ಲ, ಯಾಕೆಂದರೆ ಅದರ ಪೈಪು ಎಲ್ಲಿಗೂ ಸೇರಿಲ್ಲ.

ಸುಬೇದಾರ್ ಮಾವ ಕನ್ನಡಕ ಏರಿಸಿ ನೋಡಿ ಕೇಳಿದರು. "ಮಳೆ ಎಷ್ಟು ಇಂಚು ಅಂತ ಇದರಲ್ಲಿ ಗೊತ್ತಾಗುತ್ತಾ?"

"ಮಾವ, ಇದು ಗಾಳಿ ಅಳೆಯೋದು."

"ಗಾಳಿ ಅಳೆದು ಎಂಥ ಮಾಡ್ತಿ ಮಾರಾಯ? ನಿನ್ನೆ ರಾತ್ರಿ ನಾಲ್ಕು ಇಂಚು ಹೊಡೆದಿದೆ."

ಕಾರು ಹಳೆ ಹೋಂಡಾ ಸಿಟಿ ವಿಟೆಕ್. ಇಲ್ಲಿಗೆ ಬಂದ ಮೊದಲ ಸಿಟಿಯ ಕೊನೆಕೊನೆಯ ಗಾಡಿಗಳಲ್ಲಿ ಒಂದು. 1.5 ಲೀಟರ್ ಎಂಜಿನ್, ಕಂಪನಿ ಲೆಕ್ಕದಲ್ಲಿ 106 ಬಿಎಚ್‌ಪಿ, ಅಂದರೆ 106 ಕುದುರೆಯ ಶಕ್ತಿ. ಆ ಕಾಲಕ್ಕೆ ಅದು ಸಣ್ಣ ಅಂಕಿಯಲ್ಲ. ಈಗಲೂ ಎರಡನೇ ಗೇರಿನಲ್ಲಿ ಕಾಲು ಒತ್ತಿ ಹಿಡಿದರೆ ಎಂಜಿನ್ನಿನ ದನಿ ಬದಲಾಗುವುದನ್ನು ಕೇಳಬೇಕು. ನನ್ನ ಮಟ್ಟಿಗೆ ಅಷ್ಟೇ ಸಾಕು. ಬೋಪಣ್ಣನಿಗೆ ಸಾಲದು. ಬೆಂಗಳೂರಿನ ಅವನ ಭಾವಮೈದುನ ಹೊಸ ಟರ್ಬೊ ಪೆಟ್ರೋಲ್ ಕಾರು ತಂದಿದ್ದಾನೆ. ಒಂದೇ ಲೀಟರಿನ, ಮೂರು ಸಿಲಿಂಡರಿನ ಆ ಗಾಡಿ ಸಂಪಾಜೆ ಘಾಟಿಯಲ್ಲಿ ಇವನನ್ನು ಹಿಂದೆ ಹಾಕಿ ಹೋಯಿತಂತೆ. ಅಲ್ಲಿಂದ ಶುರು ಈ ರೋಗ.

ಮಾಸ್ಟ್ರು ಫಿಸಿಕ್ಸ್ ಹೇಳಿ ನಿವೃತ್ತರಾದವರು. ಗಾಯಕ್ಕೆ ಉಪ್ಪು ಹಾಕುವುದರಲ್ಲಿ ಎತ್ತಿದ ಕೈ.

"ಬೋಪಣ್ಣ, ನಿನ್ನ ಕಾರಿಗೆ 106 ಎಲ್ಲಿದೆ? ಅದು ಸಮುದ್ರ ಮಟ್ಟದ ಲೆಕ್ಕ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ನೂರಕ್ಕೆ ಹನ್ನೆರಡು ಹದಿಮೂರು ಪಾಲು ಕಡಿಮೆ. ಗಾಳಿ ಕಡಿಮೆ ಆದ್ರೆ ಸುಡೋ ಪೆಟ್ರೋಲೂ ಕಡಿಮೆ. ನಿನ್ನ ಹತ್ರ ಇರೋದು 92, 93."

ಬೋಪಣ್ಣ ಲೋಟ ಕೆಳಗಿಟ್ಟ. "ನನ್ನ ಹದಿಮೂರು ಕುದುರೆ?"

"ಸಂಪಾಜೆ ಗೇಟಿನಲ್ಲಿ ಇಳಿದ್ವು," ಎಂದ ಅಶ್ರಫ್. "ವಾಪಸ್ ಮಂಗಳೂರಿಗೆ ಹೋಗುವಾಗ ಹತ್ತಿಸ್ಕೋಬಹುದು."

ಅಶ್ರಫ್ ನಮ್ಮ ಮೆಕ್ಯಾನಿಕ್. ಅವನು ಸುಳ್ಳು ಹೇಳುವುದಿಲ್ಲ, ಹೇಳಿದ ದಿನಕ್ಕೆ ಗಾಡಿ ಕೊಡುವುದೂ ಇಲ್ಲ.

ಆದರೆ ಮಾಸ್ಟ್ರು ಬೋಪಣ್ಣನ ಕೈಗೇ ಅಸ್ತ್ರ ಕೊಟ್ಟಂತಾಯಿತು. ಟರ್ಬೊ ಅಂದರೇ ಬೆಟ್ಟದವರಿಗೆ ಹೇಳಿ ಮಾಡಿಸಿದ ಸಾಮಾನು ಅಂತ ಅವರೇ ಮುಂದುವರಿಸಿದರು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಅನ್ನುವವ 1905ರಲ್ಲೇ ಇದಕ್ಕೆ ಪೇಟೆಂಟ್ ತೆಗೆದಿದ್ದ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಸಾಗಿಸಿದ. 14,000 ಅಡಿ. ಅಷ್ಟು ಎತ್ತರದಲ್ಲಿ ಸೊರಗಿದ್ದ ಎಂಜಿನ್, ಟರ್ಬೊ ಕೊಟ್ಟ ಮೇಲೆ ಕೆಳಗಿನಷ್ಟೇ ಜೋರಾಗಿ ಓಡಿತು.

"ನೋಡಿ!" ಬೋಪಣ್ಣ ಎದ್ದೇ ನಿಂತ. "ನಾನು ಜಾಸ್ತಿ ಕೇಳ್ತಾ ಇಲ್ಲ. ನನ್ನದು ನನಗೆ ವಾಪಸ್ ಕೊಡಿ ಅಂತಿದ್ದೀನಿ, ಅಷ್ಟೇ."

ಎಂಥ ನ್ಯಾಯ! ಕೇಳಿದರೆ ಕೊಡಗಿನ ವಂಶಪಾರಂಪರ್ಯದ ಜಮ್ಮಾ ಜಾಗದ ಕೇಸು ಅನ್ನಿಸಬೇಕು.

ಅಷ್ಟು ಹೇಳಿ ಒಳಗೆ ಹೋದವನು ಒಂದು ಗೋಣಿಚೀಲ ತಂದ. ಚಿಪ್ಸ್ ತಟ್ಟೆ ಸರಿಸಿ, ಪೇಪರ್ ಹಾಸಿ, ಚೀಲದಿಂದ ಎರಡು ಕೈಯಲ್ಲಿ ತೆಗೆದು ಮೇಜಿನ ಮೇಲಿಟ್ಟ. ಮೈಸೂರಿನ ಗುಜರಿಯಲ್ಲಿ ಸಿಕ್ಕ ಹಳೆ ಟರ್ಬೊ. ಒಂದು ಕಡೆ ತುಕ್ಕು ಹಿಡಿದ ಕಬ್ಬಿಣ, ಇನ್ನೊಂದು ಕಡೆ ಅಲ್ಯೂಮಿನಿಯಂ, ಎರಡೂ ಸುರುಳಿ ಸುತ್ತಿಕೊಂಡು ಕೂತಿವೆ. ಬೋಪಣ್ಣನ ಹೆಂಡತಿ ದೇಚಮ್ಮ ಬಾಗಿಲಿನಿಂದಲೇ ನೋಡಿ, "ತೋಟದಲ್ಲಿ ಮೈಲುತುತ್ತ ಹಾಕಿ ಕೊಲ್ಲೋ ಆಫ್ರಿಕನ್ ಬಸವನಹುಳು ಸಾಲದು ಅಂತ ಇದೊಂದು ದುಡ್ಡು ಕೊಟ್ಟು ತಂದ್ರಾ?" ಎಂದಳು. ಆಮೇಲೆ ಆ ವಸ್ತುವಿಗೆ ನಾವು ಯಾರೂ ಬೇರೆ ಹೆಸರು ಕರೆಯಲಿಲ್ಲ.

ಅಶ್ರಫ್ ಮಾತಾಡದೆ ಕೈ ಒರೆಸಿಕೊಂಡ. ಬಸವನಹುಳುವಿನ ಬಾಯೊಳಗೆ ಬೆರಳು ಹಾಕಿ ಚಕ್ರ ತಿರುಗಿಸಿದ. ಸರ್ರನೆ ತಿರುಗಿತು. ಬೋಪಣ್ಣನ ಮುಖ ಅರಳಿತು. ಅಶ್ರಫ್ ಈಗ ಚಕ್ರದ ನಡುವಿನ ನಟ್ಟು ಹಿಡಿದು ಅಕ್ಕಪಕ್ಕ ಅಲ್ಲಾಡಿಸಿದ. ಒಂಚೂರು ಅಲ್ಲಾಡಿತು. "ಇದು ಪರವಾಗಿಲ್ಲ, ಆಯಿಲ್ ನಿಲ್ಲೋಕೆ ಅಷ್ಟು ಜಾಗ ಬೇಕು." ಆಮೇಲೆ ಒಳಗೆ ಹೊರಗೆ ಎಳೆದ. ಟಿಕ್ ಎಂದಿತು. ಇನ್ನೊಮ್ಮೆ ಎಳೆದ. ಟಿಕ್.

"ಇದು ಹೋಗಿದೆ."

"ಸ್ವಲ್ಪ ತಾನೆ?"

"ಬೋಪಣ್ಣ, ಇದು ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುತ್ತೆ. ಅಲ್ಲಿ ಸ್ವಲ್ಪ ಅನ್ನೋದೇ ಇಲ್ಲ. ಚಕ್ರ ಗೋಡೆಗೆ ತಾಗಿದ್ರೆ ಚೂರು ನೇರ ಎಂಜಿನ್ ಒಳಗೆ. ಅದೂ ಅಲ್ಲದೆ ಇದು ಡೀಸೆಲ್ ಗಾಡಿದು. ಪೆಟ್ರೋಲಿನ ಹೊಗೆ ಇದಕ್ಕಿಂತ ಬಿಸಿ ಜಾಸ್ತಿ."

ಸರಿ, ಹೊಸದೇ ತರೋಣ ಎಂದ ಬೋಪಣ್ಣ. ಆಗ ಶುರುವಾಯಿತು ನೋಡಿ ಅಶ್ರಫನ ಪಟ್ಟಿ. ಇಂಥ ಪಟ್ಟಿ ನಾನು ಮದುವೆ ಮನೆಯಲ್ಲೂ ಕೇಳಿಲ್ಲ.

ಟರ್ಬೊ ಬಂದರೆ ಅದನ್ನು ಕೂರಿಸಲು ಬೇರೆ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿನ ಹೊಗೆ ಕೂಡಿಸುವ ಕೊಳವೆ ಬೇಕು. ಈ ಹೋಂಡಾದಲ್ಲಿ ಎಕ್ಸಾಸ್ಟ್ ಇರುವುದು ಎಂಜಿನ್ನಿನ ಮುಂದೆ, ರೇಡಿಯೇಟರಿಗೆ ಎದುರಾಗಿ. ಅಂದರೆ ಕೆಂಡದಂತೆ ಕಾಯುವ ಸಾಮಾನು ನೀರು ತಣ್ಣಗಾಗಬೇಕಾದ ಜಾಗದ ಪಕ್ಕದಲ್ಲೇ. ಹಾಗಾಗಿ ತೆಳು ಫ್ಯಾನ್ ಬೇಕು. ಒತ್ತಿದ ಗಾಳಿ ಬಿಸಿಯಾಗುತ್ತದೆ, ಅದಕ್ಕೆ ಇಂಟರ್‌ಕೂಲರ್. ಗಾಳಿ ಜಾಸ್ತಿ ಆದರೆ ಪೆಟ್ರೋಲೂ ಜಾಸ್ತಿ ಬೇಕು, ಅದಕ್ಕೆ ದೊಡ್ಡ ಇಂಜೆಕ್ಟರ್, ದೊಡ್ಡ ಪಂಪ್. ಟರ್ಬೊಗೆ ಎಂಜಿನ್ ಆಯಿಲೇ ಜೀವ. ಅದು ಒಳಗೆ ಹೋಗುವುದು ಪ್ರೆಷರಿನಲ್ಲಿ, ವಾಪಸ್ ಬರುವುದು ಸುಮ್ನೆ ಇಳಿಜಾರಿನಲ್ಲಿ. ಆ ಪೈಪಿಗೆ ಸರಿಯಾದ ಇಳಿಜಾರು ಕೊಡದಿದ್ದರೆ ಆಯಿಲ್ ತುಂಬಿಕೊಂಡು ಸೈಲೆನ್ಸರಿನಿಂದ ನೀಲಿ ಹೊಗೆ.

"ಇನ್ನು ಎಂಜಿನ್ ನಡೆಸೋ ಕಂಪ್ಯೂಟರ್, ಇಸಿಯು," ಎಂದ. "ಒಳಗಿನ ಪ್ರೆಷರ್ ಹೊರಗಿನ ಗಾಳಿಗಿಂತ ಜಾಸ್ತಿ ಆಗಬಹುದು ಅಂತ ಈ ಹಳೆ ಇಸಿಯು ಕನಸಲ್ಲೂ ಅಂದುಕೊಂಡಿಲ್ಲ. ಅದಕ್ಕೆ ಪಾಠ ಹೇಳೋರು ಬೆಂಗಳೂರಲ್ಲೋ ಕೊಯಮತ್ತೂರಲ್ಲೋ ಸಿಗಬೇಕು."

"ಎಷ್ಟು ಬೂಸ್ಟ್ ಇಡಬಹುದು?" ಬೋಪಣ್ಣನ ದನಿ ಸಣ್ಣದಾಗಿತ್ತು.

"ಪಿಸ್ಟನ್ ಬದಲಿಸದೆ ಇದ್ರೆ 0.4 ಬಾರ್, ಅಂದ್ರೆ ಆರು ಪಿಎಸ್‌ಐ. ಅದೂ ಟ್ಯೂನಿಂಗ್ ಚೆನ್ನಾಗಿ ಆದ್ರೆ. ಟರ್ಬೊ ಇಲ್ಲದ ಎಂಜಿನ್ನಿಗೆ ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗೆ ಗಾಳಿ ಒತ್ತೋ ಪ್ರಮಾಣ, ಮೊದಲೇ ಜಾಸ್ತಿ ಇಟ್ಟಿರ್ತಾರೆ. ಅದರ ಮೇಲೆ ಇನ್ನೂ ಗಾಳಿ ತುರುಕಿದ್ರೆ ನಾಕಿಂಗ್. ಸ್ಪಾರ್ಕಿನ ಬೆಂಕಿ ತಲುಪೋ ಮೊದಲೇ ಮೂಲೆಯ ಪೆಟ್ರೋಲ್ ತಾನೇ ಸಿಡಿಯುತ್ತೆ. ನಾಲ್ಕು ಸಲ ಸಿಡಿದ್ರೆ ಪಿಸ್ಟನ್ ಮುರಿದು ಕೈಗೆ ಬರುತ್ತೆ."

ಇದಕ್ಕೆ ಮಾಸ್ಟ್ರ ಹತ್ತಿರ ಒಂದು ಕಥೆ ಇತ್ತು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಕಂಪನಿ ಜೆಟ್‌ಫೈರ್ ಅನ್ನುವ ಟರ್ಬೊ ಕಾರು ತಂದಿತು. ಕಂಪ್ರೆಷನ್ 10.25ಕ್ಕೆ 1, ಟರ್ಬೊ ಕಾರಿಗೆ ಜಾಸ್ತಿಯೇ. ನಾಕಿಂಗ್ ತಡೆಯಲು ಒಂದು ಉಪಾಯ ಮಾಡಿದ್ದರು. ಬೇರೆ ಟ್ಯಾಂಕಿಯಲ್ಲಿ ನೀರು ಮತ್ತು ಮೆಥನಾಲ್ ಬೆರೆಸಿ ಇಡುವುದು, ಕಾಲು ಒತ್ತಿದಾಗ ಎಂಜಿನ್ನಿಗೆ ಸ್ವಲ್ಪ ಸ್ವಲ್ಪ ಸಿಂಪಡಿಸುವುದು. ಅದಕ್ಕೆ ಟರ್ಬೊ ರಾಕೆಟ್ ಫ್ಲೂಯಿಡ್ ಅಂತ ಹೆಸರು. ಖಾಲಿಯಾದರೆ ಬೂಸ್ಟ್ ತಾನೇ ಕಡಿಮೆಯಾಗುತ್ತಿತ್ತು. ಜನ ತುಂಬಿಸುವುದನ್ನೇ ಮರೆತರು. ಕೊನೆಗೆ ಎಷ್ಟೋ ಕಾರುಗಳ ಟರ್ಬೊವನ್ನು ಡೀಲರುಗಳೇ ಕಿತ್ತು ಹಾಕಿದರು.

ಸುಬೇದಾರ್ ಮಾವ ಇಷ್ಟು ಹೊತ್ತು ಕಣ್ಣು ಮುಚ್ಚಿದ್ದವರು ಎಚ್ಚರಾದರು. "ನೀರು ಬೆರೆಸಿ ಕುಡಿಯೋ ಕಾರಾ? ಅದಕ್ಕೆ ತುಂಬಿಸೋಕೆ ಮರೆತ್ರಾ? ಛೆ! ಅದು ಕೊಡಗಿಗೆ ಬರಬೇಕಿತ್ತು. ಮಿಲಿಟರಿ ಕ್ಯಾಂಟೀನ್ ಕೋಟಾದಲ್ಲಿ ನಾನೇ ನೋಡ್ಕೋತಿದ್ದೆ."

ನಾನೂ ಒಂದು ಮಾತು ಸೇರಿಸಿದೆ. ಈಗ ಬಂಕಿನಲ್ಲಿ ಸಿಗುವುದು ಇ20, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ನಾಕಿಂಗ್ ತಡೆಯಲು ಒಳ್ಳೆಯದೇ. ಆದರೆ ಇಪ್ಪತ್ತು ವರ್ಷ ದಾಟಿದ ಕಾರಿನ ರಬ್ಬರ್ ಪೈಪುಗಳು ಅದಕ್ಕೆ ಅಂತ ಮಾಡಿದವಲ್ಲ. ಕುದುರೆ ಎಣಿಸುವ ಮೊದಲು ಪೆಟ್ರೋಲ್ ಪೈಪು ಮುಟ್ಟಿ ನೋಡುವುದು ವಾಸಿ. ಯಾರೂ ಕೇಳಿಸಿಕೊಳ್ಳಲಿಲ್ಲ. ಹರಟೆಯಲ್ಲಿ ಉಪಯೋಗದ ಮಾತಿಗೆ ಬೆಲೆ ಇಲ್ಲ.

ಕಾನೂನಿನ ವಿಷಯ ಬಂದಾಗ ಮಾತ್ರ ಎಲ್ಲರೂ ನೆಟ್ಟಗೆ ಕೂತೆವು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಅದರ ಮೇಲೆ 2019ರ ಸುಪ್ರೀಂ ಕೋರ್ಟ್ ತೀರ್ಪು. ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ತಿದ್ದುವಂತಿಲ್ಲ. ಹದಿನೈದು ವರ್ಷ ದಾಟಿದ ಕಾರನ್ನು ಐದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು. "ನಿನ್ನ ಹೋಂಡಾದಲ್ಲಿ ಬಾನೆಟ್ ಎತ್ತಿದ ಕೂಡಲೇ ಮೊದಲು ಕಾಣೋದೇ ಬಸವನಹುಳು," ಎಂದ ಅಶ್ರಫ್. "ಹಿಂದೆ ಇದ್ದಿದ್ರೆ ಬಟ್ಟೆಯಾದ್ರೂ ಮುಚ್ಚಬಹುದಿತ್ತು."

"ಹಾಗಾದ್ರೆ ರೋಡಿಗೆ ಬೇಡ. ಗದ್ದೆಯಲ್ಲಿ ಆಟೋಕ್ರಾಸ್ ಓಡಿಸ್ತೀನಿ."

ಭತ್ತ ಕುಯ್ದ ಮೇಲೆ ನಮ್ಮ ಕಡೆ ಗದ್ದೆಗಳಲ್ಲಿ ನಡೆಯುವ ಆಟೋಕ್ರಾಸ್ ಕಾರು ರೇಸು ನೋಡಿದವರಿಗೆ ಗೊತ್ತು, ಅಲ್ಲಿ ಧೂಳೆಬ್ಬಿಸುವುದು ಮಾರುತಿ ಜಿಪ್ಸಿಗಳು. 1.3 ಲೀಟರ್, ಕಂಪನಿಯಿಂದ ಬಂದಾಗ ಎಂಬತ್ತು ಬಿಎಚ್‌ಪಿ, ಟರ್ಬೊ ಇಲ್ಲ. ಗೆಲ್ಲುವುದು ತಿರುವಿನಲ್ಲಿ. ಟರ್ಬೊ ಕಾರಿನಲ್ಲಿ ಕಾಲು ಒತ್ತಿದ ಮೇಲೆ ಹೊಗೆ ಚಕ್ರ ತಿರುಗಿಸಬೇಕು, ಚಕ್ರ ಗಾಳಿ ಒತ್ತಬೇಕು, ಆಮೇಲೆ ಶಕ್ತಿ. ನಮ್ಮ ರೋಡಿನಲ್ಲೂ ಅದೇ ಗತಿ. ಒಂದು ತಿರುವಿನಲ್ಲಿ ಒತ್ತಿದ್ದು ಬರುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ಅಲ್ಲಿ ಒಂದು ಟೂರಿಸ್ಟ್ ಬಸ್ಸು ನಿಂತಿರುತ್ತದೆ. ಬಸ್ಸಿನ ಜನ ಇಳಿದು ಮಂಜಿನ ಜೊತೆ ಸೆಲ್ಫಿ ತೆಗೆಯುತ್ತಿರುತ್ತಾರೆ. ಇಲ್ಲಿ ಮೊದಲು ಬೇಕಾದ್ದು ಬ್ರೇಕು ಮತ್ತು ಟೈರು. ಈ ಮಾತನ್ನು ಪ್ರೀತಿಯಲ್ಲಿ ಬಿದ್ದವನಿಗೆ ಹೇಳುವವನು ಮೂರ್ಖ. ನಾನು ಹೇಳಿದೆ.

ಬೋಪಣ್ಣ ಬಹಳ ಹೊತ್ತು ಚಿಪ್ಸ್ ತಿಂದ. ಆಮೇಲೆ ನಿಜ ಹೊರಗೆ ಬಂತು.

"ಸ್ಪೀಡ್ ಎಲ್ಲ ಇರ್ಲಿ. ಕಾಲು ತೆಗೆದಾಗ ಅದು 'ಪ್ಸ್‌ಶ್' ಅನ್ನುತ್ತಲ್ಲ, ಒತ್ತಿದ ಗಾಳಿ ಹೊರಗೆ ಬಿಡೋ ಆ ಬ್ಲೋ ಆಫ್ ವಾಲ್ವ್ ಸೌಂಡ್. ಅದು ಬೇಕು ನನಗೆ."

"ಅಯ್ಯೋ ಇಷ್ಟೇನಾ!" ಎಂದ ಅಶ್ರಫ್. "ಮಡಿಕೇರಿಯಿಂದ ವಿರಾಜಪೇಟೆಗೆ ಬಸ್ಸಲ್ಲಿ ಹೋಗು. ಏರ್ ಬ್ರೇಕು ಪ್ರತಿ ಸ್ಟಾಪಲ್ಲೂ ಪ್ಸ್‌ಶ್ ಅನ್ನುತ್ತೆ. ಟಿಕೆಟ್ ದುಡ್ಡಲ್ಲೇ ಆಯ್ತು."

"ಅಷ್ಟು ದೂರ ಯಾಕೆ?" ಮಾಸ್ಟ್ರು ಶೆಡ್ಡಿನ ಕಡೆ ಕೈ ತೋರಿಸಿದರು. "ಗೊಬ್ಬರ ಹೊರೋ ನಿನ್ನ ಪಿಕಪ್ಪಲ್ಲಿ ಟರ್ಬೊ ಕಂಪನಿಯಿಂದಲೇ ಬಂದಿದೆ. ಡೀಸೆಲ್ ಗಾಡಿ ಅಲ್ವಾ."

ಬೋಪಣ್ಣನಿಗೆ ಇದು ಗೊತ್ತೇ ಇರಲಿಲ್ಲ ಅನ್ನಿಸುತ್ತದೆ. ಅವನು ಪಿಕಪ್ಪಿನ ಕಡೆ ನೋಡಿದ ರೀತಿ, ಮನೆಯ ಕೆಲಸದವನು ಸಿನಿಮಾ ಸ್ಟಾರಿನ ಅಣ್ಣ ಅಂತ ಈಗಷ್ಟೇ ತಿಳಿದವರ ಹಾಗಿತ್ತು.

ಅಷ್ಟರಲ್ಲಿ ದೇಚಮ್ಮ ತೋಟದ ಲೆಕ್ಕದ ಪುಸ್ತಕ ತಂದು ಕೂತಳು. "ಅಶ್ರಫಣ್ಣ, ಕಾರಿಗೆ ನಿಜವಾಗಿ ಏನೇನು ಬೇಕು ಹೇಳಿ. ಬರ್ಕೋತೀನಿ."

ಅಶ್ರಫ್ ಹೇಳಿದ. ಸಸ್ಪೆನ್ಷನ್ ಬುಷ್. ಬ್ರೇಕ್ ಹೋಸ್. ನಾಲ್ಕು ಟೈರು. ಪೆಟ್ರೋಲ್ ಪೈಪು. (ಅಂತೂ ನನ್ನ ಮಾತು ಒಬ್ಬನಿಗೆ ಕೇಳಿಸಿತ್ತು.) ರೇಡಿಯೇಟರ್ ಕ್ಲೀನಿಂಗ್.

"ಕೊನೆಗೆ ಸಣ್ಣ ಅಕ್ಷರದಲ್ಲಿ ಟರ್ಬೊ ಅಂತ ಒಂದು ಬರಿ," ಎಂದ ಬೋಪಣ್ಣ. "ಈ ವರ್ಷ ಬೇಡ. ಕರಿಮೆಣಸು ಕೊಟ್ಟ ಮೇಲೆ."

ದೇಚಮ್ಮ ತಲೆ ಎತ್ತದೆ ಇನ್ನೊಂದು ಸಾಲು ಬರೆದಳು. ಬೋಪಣ್ಣ ಬಗ್ಗಿ ನೋಡಿದ. ಮೈಲುತುತ್ತ, ಹತ್ತು ಕೆಜಿ.